ಗೇಮಿಗೆ ಯಾವುದು, ಸಿನಿಮಾಗೆ ಯಾವುದು: ಟಿವಿಯಿಂದ ಕಾಫಿ ಕಪ್ಪಿನವರೆಗೆ

ಬಿಡುವಿನ ಎರಡು ಗಂಟೆ ಸಿಕ್ಕಿದೆ ಅಂದುಕೊಳ್ಳಿ. ಗೇಮ್ ಆಡಬೇಕಾ, ಸಿನಿಮಾ ನೋಡಬೇಕಾ? ಟಿವಿಯಲ್ಲಿ ಯಾವ ಮೋಡ್ ಇಡಬೇಕು? ಯಾವ ಹೆಡ್‌ಫೋನ್ ಹಾಕಬೇಕು? ಪಕ್ಕದಲ್ಲಿ ಕಾಫಿ ಇರಬೇಕಾ, ನೀರು ಸಾಕಾ? ಹೊರಗಿನವರಿಗೆ ಇವೆಲ್ಲ ಸಣ್ಣ ಪ್ರಶ್ನೆಗಳು. ಆದರೆ ಸಂಜೆ ಕೆಡುವುದು ಇಂಥ ಸಣ್ಣ ವಿಷಯಗಳಿಂದಲೇ.

ನಾನು ಇದನ್ನೆಲ್ಲ ಒಂದೇ ಪ್ರಶ್ನೆ ಇಟ್ಟುಕೊಂಡು ತೀರ್ಮಾನ ಮಾಡುತ್ತೇನೆ. ಕೈಗೆ ಕೆಲಸ ಇದೆಯಾ, ಇಲ್ವಾ? ಸಿನಿಮಾ ನೋಡುವಾಗ ಕೈ ಖಾಲಿ. ಅದು ತನ್ನ ಪಾಡಿಗೆ ಓಡುತ್ತದೆ. ಮುಂದಿನ ದೃಶ್ಯ ಏನು ಅಂತ ಯಂತ್ರಕ್ಕೆ ಮೊದಲೇ ಗೊತ್ತಿರುತ್ತದೆ. ಗೇಮಿನಲ್ಲಿ ಮುಂದಿನ ಕ್ಷಣ ಇನ್ನೂ ಹುಟ್ಟಿರುವುದಿಲ್ಲ, ಅದು ನಿಮ್ಮ ಬೆರಳಲ್ಲಿದೆ. ಒಳ್ಳೆಯ ಟಿವಿ ಯಾವುದು, ಒಳ್ಳೆಯ ಹೆಡ್‌ಫೋನ್ ಯಾವುದು ಅಂತ ವಾದ ಮಾಡುವವರು ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾರೆ. ವಾದ ಮುಗಿಯದೇ ಇರುವುದು ಅದಕ್ಕೇ.

ಮೊದಲು, ಗೇಮಾ ಸಿನಿಮಾನಾ?

ಸುಸ್ತಾಗಿದ್ದರೆ ಸಿನಿಮಾ, ಹುಮ್ಮಸ್ಸು ಇದ್ದರೆ ಗೇಮ್ ಅಂತ ತುಂಬ ಜನ ಹೇಳುತ್ತಾರೆ. ನನಗೆ ಅದು ಪೂರ್ತಿ ಸರಿ ಅನ್ನಿಸುವುದಿಲ್ಲ. ಮೈ ದಣಿದಿದ್ದರೆ ಸಿನಿಮಾ ಸರಿ. ಆದರೆ ತಲೆ ಒಂದೇ ಯೋಚನೆಯ ಸುತ್ತ ಗಿರಕಿ ಹೊಡೆಯುತ್ತಿದ್ದರೆ ಗೇಮೇ ವಾಸಿ. ಕೆಲಸದ ಜಾಗದ ಕಿರಿಕಿರಿಯನ್ನು ತಲೆಯಲ್ಲಿ ತುಂಬಿಕೊಂಡೇ ಒಂದು ಸಿನಿಮಾ ಪೂರ್ತಿ ನೋಡಿಬಿಡಬಹುದು. ಕಣ್ಣು ಸ್ಕ್ರೀನ್ ಮೇಲೆ, ಮನಸ್ಸು ಇನ್ನೆಲ್ಲೋ. ಗೇಮ್ ಅದಕ್ಕೆ ಅವಕಾಶ ಕೊಡುವುದಿಲ್ಲ. ಟೆಟ್ರಿಸ್‌ನಲ್ಲಿ ಮೇಲಿಂದ ತುಂಡುಗಳು ಬೀಳುತ್ತಲೇ ಇರುತ್ತವೆ. ಒಂದು ಕ್ಷಣ ಗಮನ ಆಚೆ ಹೋದರೆ ತುಂಡು ತಪ್ಪು ಜಾಗದಲ್ಲಿ ಕೂರುತ್ತದೆ, ಅದರ ಕೆಳಗೆ ಒಂದು ತೂತು ಉಳಿಯುತ್ತದೆ, ಅದನ್ನು ಮುಚ್ಚುವುದರಲ್ಲಿ ಕಿರಿಕಿರಿ ಮರೆತೇ ಹೋಗುತ್ತದೆ. 1984ರಲ್ಲಿ ಅಲೆಕ್ಸಿ ಪಜಿಟ್ನೊವ್ ಮಾಡಿದ ಗೇಮ್ ಇವತ್ತಿಗೂ ಜನರನ್ನು ಹಿಡಿದು ಕೂರಿಸುತ್ತದೆ ಅಂದರೆ ಸುಮ್ನೆ ಅಲ್ಲ.

ಸಮಯದ ವಿಷಯದಲ್ಲಿ ಮಾತ್ರ ಸಿನಿಮಾ ತುಂಬ ಪ್ರಾಮಾಣಿಕ. ಎರಡು ಗಂಟೆ ಅಂದರೆ ಎರಡು ಗಂಟೆ. ಗೇಮಿನಲ್ಲಿ ಹಾಗಲ್ಲ. 2012ರ 'ಜರ್ನಿ' ಸುಮಾರು ಎರಡು ಗಂಟೆಯಲ್ಲಿ ಮುಗಿಯುತ್ತದೆ. 2015ರ 'ದಿ ವಿಚರ್ 3'ರ ಮುಖ್ಯ ಕಥೆಗೇ ಐವತ್ತು ಗಂಟೆಯ ಹತ್ತಿರ ಬೇಕು. ಹಾಗಾಗಿ ಗೇಮ್ ಆರಿಸುವಾಗ ಒಟ್ಟು ಎಷ್ಟು ಗಂಟೆ ಅನ್ನುವುದಕ್ಕಿಂತ, ನಡುವೆ ಎದ್ದು ಹೋಗಬಹುದಾ ಅಂತ ನೋಡಿ. ಎಲ್ಲಿ ಬೇಕಾದರೂ ಸೇವ್ ಮಾಡುವ ಗೇಮ್ ಒಂದು ಥರ. ಆಟ ತಾನೇ ಸೇವ್ ಆಗುವ ದೂರದ ಚೆಕ್‌ಪಾಯಿಂಟ್‌ವರೆಗೆ ಓಡಲೇಬೇಕಾದದ್ದು ಇನ್ನೊಂದು ಥರ. ಆನ್‌ಲೈನ್ ಮ್ಯಾಚ್ ಅಂತೂ ನಡುವೆ ನಿಲ್ಲಿಸಲು (ಪಾಜ್ ಮಾಡಲು) ಆಗುವುದೇ ಇಲ್ಲ, ಬಿಟ್ಟು ಎದ್ದರೆ ನಿಮ್ಮ ತಂಡದವರು ಸೋಲುತ್ತಾರೆ. ಮನೆಯಲ್ಲಿ ಚಿಕ್ಕ ಮಕ್ಕಳೋ ವಯಸ್ಸಾದವರೋ ಇದ್ದು, ಯಾವಾಗ ಕೂಗು ಬರುತ್ತದೋ ಗೊತ್ತಿಲ್ಲ ಅನ್ನುವವರಿಗೆ ನಿಂಟೆಂಡೊ ಸ್ವಿಚ್, ಸ್ಟೀಮ್ ಡೆಕ್‌ನಂಥ ಕೈಯಲ್ಲಿ ಹಿಡಿಯುವ ಯಂತ್ರಗಳು ಹೊಂದುತ್ತವೆ. ಒಂದು ಬಟನ್ ಒತ್ತಿದರೆ ಆಟ ಅಲ್ಲೇ ನಿದ್ದೆ ಹೋಗುತ್ತದೆ, ಮತ್ತೆ ಒತ್ತಿದರೆ ಅಲ್ಲಿಂದಲೇ ಶುರು.

ಗೇಮ್ ಇಷ್ಟ ಆಗುತ್ತದೋ ಇಲ್ಲವೋ ಅಂತ ಅನುಮಾನವಾ? ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಕೊಂಡು 14 ದಿನದ ಒಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಒಂದು ಸಂಜೆಯ ಪರೀಕ್ಷೆಗೆ ಅಷ್ಟು ಸಾಕು.

ಸಿನಿಮಾ ನೋಡುವಾಗ ಖಾಲಿ ಕೈ ಫೋನ್ ಹುಡುಕುತ್ತದೆ, ಇದು ಎಲ್ಲರ ಕಥೆ. ಫೋನನ್ನು ಬೇರೆ ಕೋಣೆಯಲ್ಲಿ ಇಡುವುದು ಒಂದು ದಾರಿ. ನನಗೆ ಇನ್ನೂ ಇಷ್ಟವಾದದ್ದು ಗೊತ್ತಿಲ್ಲದ ಭಾಷೆಯ ಸಿನಿಮಾ ಹಾಕುವುದು. ಸಬ್‌ಟೈಟಲ್ ಓದಬೇಕು, ಕಣ್ಣು ಕದಲಿಸುವ ಹಾಗಿಲ್ಲ. ಗೊತ್ತಿರುವ ಭಾಷೆಯ ಸಿನಿಮಾಗಿಂತ ಇಂಥವೇ ಜಾಸ್ತಿ ನೆನಪಿನಲ್ಲಿ ಉಳಿಯುತ್ತವೆ.

ಟಿವಿ: ಒಂದೇ ಪೆಟ್ಟಿಗೆ, ಎರಡು ಸೆಟ್ಟಿಂಗ್

ಸಿನಿಮಾ ಸೆಕೆಂಡಿಗೆ 24 ಚಿತ್ರಗಳ ಲೆಕ್ಕದಲ್ಲಿ ಓಡುತ್ತದೆ. ಮಾತಿನ ಸಿನಿಮಾ ಬಂದ 1920ರ ದಶಕದ ಕೊನೆಯಲ್ಲಿ ನೆಲೆಯಾದ ಅಳತೆ ಇದು, ಈಗಲೂ ಅದೇ ನಡೆಯುತ್ತಿದೆ. ಟಿವಿ ಸೆಕೆಂಡಿಗೆ 60 ಸಲ ಅಥವಾ 120 ಸಲ ಚಿತ್ರ ಬದಲಿಸುತ್ತದೆ, ಇದನ್ನೇ ಹರ್ಟ್ಸ್ ಲೆಕ್ಕದಲ್ಲಿ ಹೇಳುತ್ತಾರೆ. 60ನ್ನು 24ರಿಂದ ಭಾಗಿಸಿದರೆ ಸಮ ಬರುವುದಿಲ್ಲ. ಹಾಗಾಗಿ ಒಂದು ಚಿತ್ರವನ್ನು ಮೂರು ಸಲ, ಮುಂದಿನದನ್ನು ಎರಡು ಸಲ ತೋರಿಸಿ ಹೊಂದಿಸುತ್ತಾರೆ. ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವಾಗ ಚಿತ್ರ ಸಣ್ಣಗೆ ತಡವರಿಸಿದ ಹಾಗೆ ಕಂಡರೆ ಕಾರಣ ಇದೇ ಇರಬಹುದು. 120 ಹರ್ಟ್ಸ್ ಟಿವಿಯಲ್ಲಿ ಪ್ರತಿ ಚಿತ್ರಕ್ಕೂ ಸರಿಯಾಗಿ ಐದು ಸಲ ಸಿಗುತ್ತದೆ. 120 ಹರ್ಟ್ಸ್ ಅಂದರೆ ಬರೀ ಗೇಮ್ ಆಡುವವರಿಗೆ ಅಂತ ಮಾರುತ್ತಾರೆ, ಆದರೆ ಸಿನಿಮಾ ಪ್ರೇಮಿಗಳಿಗೂ ಅದರಿಂದ ಲಾಭ ಇದೆ.

ಹೊಸ ಟಿವಿ ಪೆಟ್ಟಿಗೆಯಿಂದ ಬರುವಾಗ ಸಾಮಾನ್ಯವಾಗಿ ಒಂದು 'ಮೋಷನ್ ಸ್ಮೂದಿಂಗ್' ಚಾಲೂ ಇರುತ್ತದೆ. ಒಂದೊಂದು ಕಂಪನಿ ಒಂದೊಂದು ಹೆಸರು ಇಟ್ಟಿದೆ. ಅದು ಎರಡು ಚಿತ್ರಗಳ ನಡುವೆ ತಾನೇ ಹೊಸ ಚಿತ್ರ ಸೃಷ್ಟಿಸಿ ತುಂಬುತ್ತದೆ. ಒಳ್ಳೆಯ ಸಿನಿಮಾ ಕೂಡ ಸೀರಿಯಲ್ ಹಾಗೆ ಕಾಣಲು ಶುರುವಾಗುತ್ತದೆ. ಕ್ರೀಡೆ ನೋಡಲು ಚೆನ್ನ. ಸಿನಿಮಾಗೆ ದಯವಿಟ್ಟು ಆಫ್ ಮಾಡಿ. ಮೆನುವಿನಲ್ಲಿ 'ಫಿಲ್ಮ್‌ಮೇಕರ್ ಮೋಡ್' ಇದ್ದರೆ ಅದನ್ನು ಆರಿಸಿದರೆ ಆಯಿತು, 2019ರಲ್ಲಿ ಘೋಷಣೆಯಾದ ಈ ಮೋಡ್ ಇಂಥ ಕಸರತ್ತುಗಳನ್ನೆಲ್ಲ ಒಟ್ಟಿಗೇ ನಿಲ್ಲಿಸುತ್ತದೆ.

ಗೇಮಿಗೆ ಇದೇ ಸ್ಮೂದಿಂಗ್ ಇನ್ನೂ ದೊಡ್ಡ ತೊಂದರೆ. ಎರಡರ ನಡುವಿನ ಚಿತ್ರ ಸೃಷ್ಟಿಸಬೇಕಾದರೆ ಮುಂದಿನ ಚಿತ್ರ ಮೊದಲು ಕೈಗೆ ಬರಬೇಕು, ಅಲ್ವಾ? ಅಂದರೆ ಟಿವಿ ಅದನ್ನು ಹಿಡಿದಿಟ್ಟುಕೊಂಡು ತಡವಾಗಿ ತೋರಿಸುತ್ತದೆ. ಸಿನಿಮಾದಲ್ಲಿ ಈ ತಡ ಗೊತ್ತೇ ಆಗುವುದಿಲ್ಲ, ಯಾಕೆಂದರೆ ಟಿವಿ ಧ್ವನಿಯನ್ನೂ ಅಷ್ಟೇ ತಡ ಮಾಡಿ ಬಿಡುತ್ತದೆ. ಗೇಮಿನಲ್ಲಿ ಬೆರಳನ್ನು ತಡ ಮಾಡಲು ಆಗುವುದಿಲ್ಲ. ಸೆಕೆಂಡಿಗೆ 60 ಚಿತ್ರದ ಆಟದಲ್ಲಿ ಒಂದೊಂದು ಚಿತ್ರ ಸುಮಾರು 16.7 ಮಿಲಿಸೆಕೆಂಡ್ ನಿಲ್ಲುತ್ತದೆ. ಟಿವಿ 100 ಮಿಲಿಸೆಕೆಂಡ್ ತಡ ಮಾಡಿದರೆ ನೀವು ನೋಡುತ್ತಿರುವುದು ಆರು ಚಿತ್ರ ಹಿಂದಿನ ಜಗತ್ತು. ಗುಂಡಿಯ ಅಂಚು ಕಂಡು ನೆಗೆಯುವ ಬಟನ್ ಒತ್ತುತ್ತೀರಿ, ಆಟದ ಲೆಕ್ಕದಲ್ಲಿ ನಿಮ್ಮ ಪಾತ್ರ ಆಗಲೇ ಗುಂಡಿಯ ಒಳಗಿದೆ. ತನಗೆ ಆಟ ಬರುವುದಿಲ್ಲ ಅಂತ ಕೈಚೆಲ್ಲಿದ ಎಷ್ಟೋ ಜನರ ಮನೆಯಲ್ಲಿ ತಪ್ಪು ಟಿವಿಯ ಸೆಟ್ಟಿಂಗಿನದು. 'ಗೇಮ್ ಮೋಡ್' ಹಾಕಿದರೆ ಹೊಸ ಟಿವಿಗಳಲ್ಲಿ ಈ ತಡ ಇಪ್ಪತ್ತು ಮಿಲಿಸೆಕೆಂಡಿನ ಆಸುಪಾಸಿಗೆ ಅಥವಾ ಅದಕ್ಕೂ ಕೆಳಗೆ ಇಳಿಯುತ್ತದೆ. ಖರ್ಚಿಲ್ಲದ ಕೆಲಸ. ಹೊಸ ಟಿವಿ ಕೊಳ್ಳುವ ಮುಂಚೆ ಇದೊಂದನ್ನು ಮಾಡಿ ನೋಡಿ.

ಟಿವಿಯ ಪರದೆ ಓಎಲ್‌ಇಡಿಯಾ, ಎಲ್‌ಸಿಡಿಯಾ ಅನ್ನುವುದಕ್ಕೆ ನನ್ನ ಉತ್ತರ ಚಿಕ್ಕದು. ಕತ್ತಲ ಕೋಣೆಯಲ್ಲಿ ಸಿನಿಮಾ ನೋಡುವವರಿಗೆ ಓಎಲ್‌ಇಡಿ. ಅದರಲ್ಲಿ ಒಂದೊಂದು ಚುಕ್ಕಿಯೂ ತಾನೇ ಬೆಳಗುತ್ತದೆ, ಕಪ್ಪು ಬೇಕಾದ ಕಡೆ ಪೂರ್ತಿ ಆರಿಹೋಗುತ್ತದೆ. ಹಗಲು ಬೆಳಕಿನ ಕೋಣೆಯಲ್ಲಿ, ಒಂದೇ ಗೇಮನ್ನು ದಿನವೂ ತಾಸುಗಟ್ಟಲೆ ಆಡುವವರಿಗೆ ಒಳ್ಳೆಯ ಎಲ್‌ಸಿಡಿ. ಸ್ಕ್ರೀನಿನ ಮೂಲೆಯಲ್ಲಿ ಅಲುಗಾಡದೆ ನಿಂತ ಮ್ಯಾಪ್, ಸ್ಕೋರು ಓಎಲ್‌ಇಡಿಯಲ್ಲಿ ಕಾಲಕ್ರಮೇಣ ಅಚ್ಚು ಬೀಳುವ ಸಾಧ್ಯತೆ ಇದೆ. ಇನ್ನು 4ಕೆಯಲ್ಲಿ ಸೆಕೆಂಡಿಗೆ 120 ಚಿತ್ರ ಬೇಕಾದರೆ ಟಿವಿಯಲ್ಲಿ ಕೇಬಲ್ ಸಿಕ್ಕಿಸುವ ಎಚ್‌ಡಿಎಂಐ 2.1 ಪೋರ್ಟ್ ಇರಬೇಕು. ಕೆಲವು ಟಿವಿಗಳಲ್ಲಿ ಎಲ್ಲ ಪೋರ್ಟೂ ಅದೇ ಇರುವುದಿಲ್ಲ, ಹಿಂದೆ ಬಗ್ಗಿ ಓದಿಕೊಳ್ಳಿ.

ಹೆಡ್‌ಫೋನ್: ವೈರಾ, ಬ್ಲೂಟೂತಾ?

ಈ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಸಿನಿಮಾಗೆ ಬ್ಲೂಟೂತ್ ಧಾರಾಳವಾಗಿ ಬಳಸಿ. ಗೇಮಿಗೆ ಬೇಡ.

ಸಾಮಾನ್ಯ ಬ್ಲೂಟೂತ್‌ನಲ್ಲಿ ಧ್ವನಿಯನ್ನು ಮೊದಲು ಕುಗ್ಗಿಸಬೇಕು, ಗಾಳಿಯಲ್ಲಿ ಕಳಿಸಬೇಕು, ಕಿವಿಯ ಬಳಿ ಮತ್ತೆ ಬಿಚ್ಚಬೇಕು. ಇದಕ್ಕೆಲ್ಲ ಸುಮಾರು 150ರಿಂದ 250 ಮಿಲಿಸೆಕೆಂಡ್ ಹಿಡಿಯುತ್ತದೆ. ಹಾಗಾದರೆ ಫೋನಿನಲ್ಲಿ ಸಿನಿಮಾ ನೋಡುವಾಗ ತುಟಿ ಮತ್ತು ಮಾತು ಹೇಗೆ ಕೂಡುತ್ತವೆ? ವಿಡಿಯೊ ಆ್ಯಪ್ ಆ ತಡವನ್ನು ಲೆಕ್ಕ ಹಾಕಿ ಚಿತ್ರವನ್ನೂ ಅಷ್ಟೇ ನಿಲ್ಲಿಸಿಕೊಳ್ಳುತ್ತದೆ. ಮುಂದೆ ಬರುವುದು ಗೊತ್ತಿದೆಯಲ್ಲ, ಅದಕ್ಕೇನು ಕಷ್ಟ? ಗೇಮಿನಲ್ಲಿ ಈ ಉಪಾಯ ನಡೆಯುವುದಿಲ್ಲ.

ನೀವೇ ಪರೀಕ್ಷೆ ಮಾಡಬಹುದು. ಫೋನಿನ ಕೀಬೋರ್ಡ್ ಸದ್ದು ಆನ್ ಮಾಡಿ, ಬ್ಲೂಟೂತ್ ಇಯರ್‌ಬಡ್ಸ್ ಹಾಕಿಕೊಂಡು ಏನಾದರೂ ಟೈಪ್ ಮಾಡಿ. ಎಷ್ಟೋ ಸಲ ಬೆರಳು ಎತ್ತಿದ ಮೇಲೆ 'ಟಕ್' ಅನ್ನುತ್ತದೆ. ಬೇಗ ಬೇಗ ಟೈಪ್ ಮಾಡಿದರೆ ಯಾವ ಸದ್ದು ಯಾವ ಅಕ್ಷರದ್ದು ಅಂತಲೇ ಗೊತ್ತಾಗುವುದಿಲ್ಲ. ಈಗ ಅದೇ ಇಯರ್‌ಬಡ್ಸ್‌ನಲ್ಲಿ ಒಂದು ಸಿನಿಮಾ ಹಾಕಿ. ಎಲ್ಲ ಸರಿ ಇದೆ. ಒಂದೇ ಉಪಕರಣ, ಒಂದೇ ತಡ. ಕೈಗೆ ಕೆಲಸ ಬಂದ ಕೂಡಲೇ ದೋಷ ಕಾಣಿಸಿತು. ತಾಳಕ್ಕೆ ಸರಿಯಾಗಿ ಒತ್ತುವ ಗೇಮುಗಳನ್ನು ಬ್ಲೂಟೂತ್‌ನಲ್ಲಿ ಆಡುವುದು ಶಿಕ್ಷೆ.

ಇನ್ನೊಂದು ತೊಂದರೆ ಮೈಕಿನದು. ಸಾಮಾನ್ಯ ಬ್ಲೂಟೂತ್ ಹೆಡ್‌ಫೋನಿನಲ್ಲಿ ಹಾಡು ಕೇಳುವ ಚಾನೆಲ್ ಬೇರೆ, ಮಾತಾಡುವ ಚಾನೆಲ್ ಬೇರೆ. ಆಟದ ನಡುವೆ ಗೆಳೆಯರ ಜೊತೆ ಮಾತಾಡಲು ಮೈಕ್ ಆನ್ ಮಾಡಿದ ತಕ್ಷಣ ಅದು ಮಾತಿನ ಚಾನೆಲ್ಲಿಗೆ ಜಿಗಿಯುತ್ತದೆ. ಸಂಗೀತ, ಹೆಜ್ಜೆ ಸದ್ದು, ಸ್ಫೋಟ ಎಲ್ಲವೂ ಹಳೇ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತವೆ. ಹೆಡ್‌ಫೋನ್ ಕೆಟ್ಟಿತು ಅಂತ ಅಂಗಡಿಗೆ ಒಯ್ಯುವ ಮುಂಚೆ ಮೈಕ್ ಆಫ್ ಮಾಡಿ ನೋಡಿ. 'ಎಲ್‌ಇ ಆಡಿಯೊ' ಅನ್ನುವ ಹೊಸ ವ್ಯವಸ್ಥೆ ಇದನ್ನು ಸರಿ ಮಾಡುತ್ತದೆ, ಆದರೆ ಫೋನು ಮತ್ತು ಹೆಡ್‌ಫೋನು ಎರಡರಲ್ಲೂ ಅದು ಇರಬೇಕು.

ವೈರ್ ಬೇಡವೇ ಬೇಡ ಅನ್ನುವ ಗೇಮರ್‌ಗಳಿಗೆ ಪುಟ್ಟ ಯುಎಸ್‌ಬಿ ಡಾಂಗಲ್ ಜೊತೆ ಬರುವ 2.4 ಗಿಗಾಹರ್ಟ್ಸ್ ಹೆಡ್‌ಸೆಟ್ ಇದೆ. ಇದರ ತಡ ಬ್ಲೂಟೂತ್‌ಗಿಂತ ಎಷ್ಟೋ ಕಡಿಮೆ, ಆಡುವಾಗ ಗೊತ್ತಾಗುವುದಿಲ್ಲ. ಪ್ಲೇಸ್ಟೇಷನ್ 5 ಅಂತೂ ಬ್ಲೂಟೂತ್ ಹೆಡ್‌ಫೋನನ್ನು ನೇರವಾಗಿ ಒಪ್ಪುವುದೇ ಇಲ್ಲ. ಅದರ ಕಂಟ್ರೋಲರ್ ಕೆಳಗೆ 3.5 ಎಂಎಂ ತೂತು ಇದೆ, ಮನೆಯಲ್ಲಿರುವ ಹಳೇ ವೈರ್ ಇಯರ್‌ಫೋನ್ ಸಿಕ್ಕಿಸಿದರೆ ಮುಗಿಯಿತು. ವೈರಿನ ಇನ್ನೊಂದು ದೊಡ್ಡ ಗುಣ, ಅದಕ್ಕೆ ಬ್ಯಾಟರಿ ಇಲ್ಲ. ಚಿಕ್ಕ ಇಯರ್‌ಬಡ್ಸ್ ಬ್ಯಾಟರಿ ಕೆಲವು ವರ್ಷಕ್ಕೆ ಸೊರಗುತ್ತದೆ. ಹೆಚ್ಚಿನವುಗಳಲ್ಲಿ ಬದಲಿಸಲು ಆಗುವುದಿಲ್ಲ, ಧ್ವನಿ ಚೆನ್ನಾಗಿದ್ದರೂ ಎಸೆಯಬೇಕು. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ.

ನಾಯ್ಸ್ ಕ್ಯಾನ್ಸಲಿಂಗ್ ಬಗ್ಗೆ ಒಂದು ಮಾತು. ಅದು ಫ್ಯಾನ್, ವಿಮಾನದ ಎಂಜಿನ್‌ನಂಥ ಒಂದೇ ಸಮನೆ ಗುಯ್‌ಗುಡುವ ಸದ್ದನ್ನು ಚೆನ್ನಾಗಿ ಅಡಗಿಸುತ್ತದೆ. ಪಕ್ಕದ ಕೋಣೆಯ ಮಾತನ್ನು ಅಷ್ಟಾಗಿ ಅಲ್ಲ. ಪ್ರಯಾಣದಲ್ಲಿ ಸಿನಿಮಾ ನೋಡುವವರು ತಗೊಳ್ಳಿ, ಮನೆಯಲ್ಲಿ ಗೇಮ್ ಆಡುವವರಿಗೆ ಅದರ ಅಗತ್ಯ ಕಡಿಮೆ.

ಇಂಟರ್ನೆಟ್, ಡಿಸ್ಕ್, ಮತ್ತು ನಮ್ಮದು ಅನ್ನುವ ಮಾತು

ಸ್ಟ್ರೀಮಿಂಗ್ ಸಿನಿಮಾಗೆ ಅಗಲವಾದ ಇಂಟರ್ನೆಟ್ ಬೇಕು. 4ಕೆಗೆ ಸೆಕೆಂಡಿಗೆ 15ರಿಂದ 25 ಮೆಗಾಬಿಟ್ ಇದ್ದರೆ ಸರಿಹೋಗುತ್ತದೆ. ನಡುವೆ ವೈಫೈ ಅರೆಕ್ಷಣ ತಡವರಿಸಿದರೂ ಚಿಂತೆ ಇಲ್ಲ, ಮುಂದಿನ ಭಾಗ ಆಗಲೇ ಬಂದು ಕೂತಿರುತ್ತದೆ. ಆನ್‌ಲೈನ್ ಗೇಮಿಗೆ ಡೇಟಾ ಬೇಕಾಗುವುದು ಅದಕ್ಕಿಂತ ತೀರಾ ಕಡಿಮೆ, ಆದರೆ ಅರೆಕ್ಷಣದ ತಡವರಿಕೆಯನ್ನೂ ಅದು ಸಹಿಸುವುದಿಲ್ಲ. ಹಾಗಾಗಿ ಸಿನಿಮಾಗೆ ಪ್ಲಾನ್ ದೊಡ್ಡದು ಮಾಡಿ, ಗೇಮಿಗೆ ರೂಟರ್‌ನಿಂದ ಒಂದು ಕೇಬಲ್ ಎಳೆಯಿರಿ. ಆಟ ಜಗ್ಗುತ್ತದೆ ಅಂತ ಪ್ಲಾನ್ ದುಪ್ಪಟ್ಟು ಮಾಡಿಸುವವರನ್ನು ಕಂಡರೆ ತಡೆದು ಹೇಳಬೇಕು ಅನ್ನಿಸುತ್ತದೆ.

ಕ್ಲೌಡ್ ಗೇಮಿಂಗ್ ಅಂದರೆ ಗೇಮ್ ದೂರದ ಸರ್ವರ್‌ನಲ್ಲಿ ಓಡುತ್ತದೆ, ಚಿತ್ರ ಮಾತ್ರ ನಿಮ್ಮ ಸ್ಕ್ರೀನಿಗೆ ಬರುತ್ತದೆ. ಅದಕ್ಕೆ ಎರಡೂ ಒಟ್ಟಿಗೆ ಬೇಕು. ಸಿನಿಮಾದಷ್ಟು ಅಗಲ, ಗೇಮಿನಷ್ಟು ಚುರುಕು. ಅದಕ್ಕೇ ಅದು ಕಷ್ಟದ ದಾರಿ. ಗೂಗಲ್‌ನ ಸ್ಟೇಡಿಯಾ 2019ರ ನವೆಂಬರಿನಲ್ಲಿ ಶುರುವಾಗಿ 2023ರ ಜನವರಿಯಲ್ಲಿ ಮುಚ್ಚಿತು. ಗೇಮ್ ಕೊಂಡವರಿಗೆ ಗೂಗಲ್ ಹಣ ಹಿಂದಿರುಗಿಸಿತು, ಅದು ಒಳ್ಳೆಯದಾಯಿತು. ನಿಮ್ಮ ಇಂಟರ್ನೆಟ್ ಗಟ್ಟಿ ಇದ್ದರೆ, ಕೊಳ್ಳದೆ ತಿಂಗಳ ಚಂದಾ ಮಾತ್ರ ಕಟ್ಟಿ ನೋಡುವುದಾದರೆ ಕ್ಲೌಡ್ ಪರವಾಗಿಲ್ಲ.

ಡಿಸ್ಕ್ ಕೊಳ್ಳಬೇಕಾ? ಸಿನಿಮಾದಲ್ಲಿ ನನ್ನ ಉತ್ತರ ಹೌದು, ಆದರೆ ಮತ್ತೆ ಮತ್ತೆ ನೋಡುವ ಕೆಲವಕ್ಕೆ ಮಾತ್ರ. 4ಕೆ ಬ್ಲೂರೇ ಡಿಸ್ಕ್‌ನಲ್ಲಿ 100 ಜಿಬಿವರೆಗೆ ಜಾಗ ಇದೆ, ಅದು ಸ್ಟ್ರೀಮಿಂಗ್‌ಗಿಂತ ಹಲವು ಪಟ್ಟು ಜಾಸ್ತಿ ಮಾಹಿತಿ ಹರಿಸುತ್ತದೆ. ವ್ಯತ್ಯಾಸ ನೋಡಬೇಕಾದರೆ ಮುಖದ ಕ್ಲೋಸಪ್ ನೋಡಬೇಡಿ. ಮಂಜು, ಹೊಗೆ, ಮಳೆ, ಕತ್ತಲ ಕಾಡು ನೋಡಿ. ಸ್ಟ್ರೀಮಿಂಗ್‌ನಲ್ಲಿ ಮಂಜು ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ, ಕತ್ತಲಲ್ಲಿ ಚೌಕಗಳು ಅಲುಗುತ್ತವೆ. ಡಿಸ್ಕ್‌ನಲ್ಲಿ ಮಂಜು ಮಂಜಾಗಿಯೇ ಇರುತ್ತದೆ.

ಗೇಮಿನ ಡಿಸ್ಕ್ ಅಷ್ಟು ನಂಬಿಕಸ್ಥ ಅಲ್ಲ. ಎಷ್ಟೋ ಗೇಮುಗಳು ಡಿಸ್ಕ್ ಹಾಕಿದ ಮೇಲೂ ಗಿಗಾಬೈಟ್‌ಗಟ್ಟಲೆ ಇಳಿಸಿಕೊಳ್ಳುತ್ತವೆ. ಕೆಲವು ಸರ್ವರ್ ಇಲ್ಲದೆ ಓಡುವುದೇ ಇಲ್ಲ. ಯೂಬಿಸಾಫ್ಟ್‌ನ 'ದಿ ಕ್ರೂ' 2014ರ ಗೇಮ್. 2024ರ ಮಾರ್ಚ್ 31ಕ್ಕೆ ಅದರ ಸರ್ವರ್ ಆಫ್ ಆಯಿತು, ಡಿಸ್ಕ್ ಇಟ್ಟುಕೊಂಡವರ ಕೈಯಲ್ಲೂ ಏನೂ ಉಳಿಯಲಿಲ್ಲ. ಹಣ ಕೊಟ್ಟು ಕೊಂಡದ್ದು ಹೀಗೆ ಮಾಯವಾಗಬಾರದು. ಹಾಗಾಗಿ ಕೊಳ್ಳುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಂಟರ್ನೆಟ್ ಕಿತ್ತರೆ ಇದು ಆಡುತ್ತದಾ? ಜಿಒಜಿ ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ನಕಲು ತಡೆಯುವ ಡಿಆರ್‌ಎಂ ಬೀಗ ಇಲ್ಲದ ಇನ್‌ಸ್ಟಾಲರ್ ಸಿಗುತ್ತದೆ, ಅದನ್ನು ಹಾರ್ಡ್ ಡಿಸ್ಕ್‌ನಲ್ಲಿ ಎತ್ತಿಟ್ಟುಕೊಳ್ಳಬಹುದು. ನನಗೆ ಪ್ರೀತಿಯ ಗೇಮುಗಳಿಗೆ ಆ ದಾರಿಯೇ ಇಷ್ಟ.

ಕಪ್ಪಿನಲ್ಲಿ ಏನು?

ಗೇಮ್ ಅಂದರೆ ಎನರ್ಜಿ ಡ್ರಿಂಕ್ ಅನ್ನುವ ಜಾಹೀರಾತು ನೋಡಿ ನೋಡಿ ನಂಬಿಬಿಟ್ಟಿದ್ದೇವೆ. ಲೆಕ್ಕ ನೋಡೋಣ. 250 ಮಿಲಿ ಎನರ್ಜಿ ಡ್ರಿಂಕ್‌ನಲ್ಲಿ ಸುಮಾರು 80 ಮಿಲಿಗ್ರಾಂ ಕೆಫೀನ್. ಒಂದು ಸಣ್ಣ ಎಸ್‌ಪ್ರೆಸೊದಲ್ಲೂ ಹತ್ತಿರ ಹತ್ತಿರ ಅಷ್ಟೇ. 220 ಮಿಲಿ ಬ್ಲ್ಯಾಕ್ ಟೀಯಲ್ಲಿ ಸುಮಾರು 50, ಒಂದು ಕ್ಯಾನ್ ಕೋಲಾದಲ್ಲಿ ಸುಮಾರು 40. ಅಂದರೆ ಎನರ್ಜಿ ಡ್ರಿಂಕ್‌ನಲ್ಲಿ ಮಾಂತ್ರಿಕ ಶಕ್ತಿ ಏನೂ ಇಲ್ಲ. ಕಾಫಿಯಷ್ಟೇ ಕೆಫೀನ್, ಜೊತೆಗೆ ಇಪ್ಪತ್ತೈದು ಗ್ರಾಂ ಮೀರಿದ ಸಕ್ಕರೆ. ಎಚ್ಚರ ಬೇಕಾದರೆ ಕಾಫಿ ಸಾಕು.

ಆದರೆ ಗಡಿಯಾರ ನೋಡಿ. ಕುಡಿದ ಕೆಫೀನ್‌ನಲ್ಲಿ ಅರ್ಧ ಕರಗಲು ಸರಾಸರಿ ಐದು ಗಂಟೆ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ರಾತ್ರಿ ಎಂಟಕ್ಕೆ ಕುಡಿದ ಕಾಫಿಯ ಕೆಫೀನ್‌ನಲ್ಲಿ ಅರ್ಧ, ನಡುರಾತ್ರಿ ಕಳೆದು ಒಂದು ಗಂಟೆಗೂ ಮೈಯಲ್ಲಿ ಓಡಾಡುತ್ತಿರುತ್ತದೆ. ನಿದ್ದೆ ತರಿಸುವ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂತಿರುತ್ತದೆ ಅಷ್ಟೆ, ದಣಿವು ಎಲ್ಲೂ ಹೋಗಿರುವುದಿಲ್ಲ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 400 ಮಿಲಿಗ್ರಾಂವರೆಗೆ ತೊಂದರೆ ಇಲ್ಲ ಅಂತ ಅಮೆರಿಕ ಮತ್ತು ಯುರೋಪಿನ ಆಹಾರ ಸುರಕ್ಷಾ ಸಂಸ್ಥೆಗಳು ಹೇಳುತ್ತವೆ. ಗರ್ಭಿಣಿಯರಿಗೆ ಮಿತಿ ಅದರ ಅರ್ಧ. ಮಕ್ಕಳ ಕೈಗೆ ಎನರ್ಜಿ ಡ್ರಿಂಕ್ ಕೊಡಲೇಬೇಡಿ.

ನಾನು ಸಂಜೆಯ ಸಿನಿಮಾಗೆ ಟೀ ಇಟ್ಟುಕೊಳ್ಳುತ್ತೇನೆ. ಕೈ ಖಾಲಿ ಇರುತ್ತದೆ, ಬಿಸಿ ಕಪ್ಪು ಹಿಡಿದು ಕೂರುವುದೇ ಒಂದು ಸುಖ, ಜೊತೆಗೆ ಫೋನ್ ಮುಟ್ಟುವುದೂ ತಪ್ಪುತ್ತದೆ. ಗೇಮ್ ಆಡುವಾಗ ಕಪ್ಪು ಹಿಡಿಯುವ ಕೈ ಎಲ್ಲಿದೆ? ಟೀ ತಣ್ಣಗಾಗಿ ಕೆನೆ ಕಟ್ಟಿರುತ್ತದೆ. ಮುಚ್ಚಳ ಇರುವ ಬಾಟಲಿಯಲ್ಲಿ ನೀರು, ಇಲ್ಲವೇ ಬಿಸಿ ಕಾಯುವ ಫ್ಲಾಸ್ಕ್ ಮಗ್‌ನಲ್ಲಿ ಕೆಫೀನ್ ತೆಗೆದ ಡಿಕ್ಯಾಫ್ ಕಾಫಿ ಇಟ್ಟುಕೊಳ್ಳಿ. ಡಿಕ್ಯಾಫ್‌ನಲ್ಲೂ ಒಂದಿಷ್ಟು ಕೆಫೀನ್ ಇರುತ್ತದೆ, ಆದರೆ ನಿದ್ದೆ ಕೆಡಿಸುವಷ್ಟು ಅಲ್ಲ. ಮುಚ್ಚಳಕ್ಕೆ ಇನ್ನೊಂದು ಕಾರಣ ಕೀಬೋರ್ಡ್. ನೀರು ಚೆಲ್ಲಿದರೆ ಒಣಗಿಸಿ ಉಳಿಸಿಕೊಳ್ಳುವ ಆಸೆ ಇರುತ್ತದೆ. ಸಕ್ಕರೆ ಪಾನೀಯ ಚೆಲ್ಲಿದರೆ ಕೀಲಿಗಳ ಕೆಳಗೆ ಅಂಟು ಕೂತು ಒಂದೊಂದೂ ಒತ್ತಿದಲ್ಲೇ ನಿಲ್ಲುತ್ತದೆ. ಸಿನಿಮಾ ಜೊತೆ ಮದ್ಯ ಕುಡಿಯುವವರು ಕುಡಿಯಲಿ, ಗೇಮಿನಲ್ಲಿ ಮಾತ್ರ ಅದು ಕೈಯನ್ನು ನಿಧಾನ ಮಾಡುತ್ತದೆ.

ಖರ್ಚು ಮಾಡುವುದಾದರೆ

ಎಲ್ಲದಕ್ಕೂ ಒಮ್ಮೆಲೇ ಹಣ ಹಾಕಬೇಡಿ. ಮೊದಲು ಟಿವಿಯ ಎರಡೂ ಮೋಡ್ ಸರಿ ಮಾಡಿಕೊಳ್ಳಿ, ಅದು ಪುಕ್ಕಟೆ. ಆಮೇಲೆ ಇಂಟರ್ನೆಟ್ ಕೇಬಲ್. ನಂತರ ಒಂದು ಸಾಧಾರಣ ವೈರ್ ಹೆಡ್‌ಫೋನ್. ಕಂಟ್ರೋಲರ್ ಬದಲಿಸುವ ಕಾಲ ಬಂದರೆ 'ಹಾಲ್ ಎಫೆಕ್ಟ್' ಸ್ಟಿಕ್ ಇರುವುದನ್ನು ನೋಡಿ. ಸಾಮಾನ್ಯ ಸ್ಟಿಕ್ ಒಳಗೆ ಒಂದು ಪಟ್ಟಿಯ ಮೇಲೆ ಲೋಹ ಉಜ್ಜುತ್ತಾ ಇರುತ್ತದೆ, ಸವೆದ ಮೇಲೆ ನೀವು ಮುಟ್ಟದಿದ್ದರೂ ಪಾತ್ರ ತಾನೇ ಒಂದು ಕಡೆ ನಡೆಯುತ್ತದೆ. ಹಾಲ್ ಎಫೆಕ್ಟ್‌ನಲ್ಲಿ ಅಯಸ್ಕಾಂತ ಮತ್ತು ಸೆನ್ಸರ್ ಒಂದನ್ನೊಂದು ಮುಟ್ಟುವುದೇ ಇಲ್ಲ, ಹಾಗಾಗಿ ಆ ಸವೆತ ಇಲ್ಲ. ಟಿವಿ ಕೊನೆಗೆ ಇರಲಿ. ಮೇಲಿನದೆಲ್ಲ ಆದ ಮೇಲೆ, ಈಗಿರುವ ಟಿವಿಯೇ ಇನ್ನೂ ಕೆಲವು ವರ್ಷ ಸಾಕು ಅಂತ ಅನ್ನಿಸಿದರೂ ಆಶ್ಚರ್ಯ ಇಲ್ಲ.